ಆರು ಮಳೆಗಾಲ ನಿಂತಿದ್ದ ಇಂಪಲ್ಸ್: ಕಿಕ್ ಹೊಡೆಯುವ ಮುನ್ನ ಓದಿ

ಮೊದಲೇ ಹೇಳಿಬಿಡುತ್ತೇನೆ, ಕಿಕ್ಕರ್ ಮೇಲೆ ಕಾಲಿಡಬೇಡಿ. ವರ್ಷಗಟ್ಟಲೆ ನಿಂತ ಬೈಕಿನ ಮೇಲಿನ ಟಾರ್ಪಾಲು ತೆಗೆದ ಕೂಡಲೇ ಗಂಡಸರಿಗೆ ಬರುವ ಮೊದಲ ಆಸೆ ಅದು. ಹತ್ತಿರದಲ್ಲಿ ಇನ್ನೊಬ್ಬ ಗಂಡಸು ನಿಂತಿದ್ದರಂತೂ ತಡೆಯುವುದೇ ಕಷ್ಟ. ನಿಂತಲ್ಲಿ ಆರು ವರ್ಷ ಹಾಳಾಗದ ಎಂಜಿನ್ ಆ ಒಂದು ಒದೆತಕ್ಕೆ ಹಾಳಾಗಬಹುದು. ಸಿಲಿಂಡರಿನ ಒಣಗಿದ ಗೋಡೆಗೆ ಪಿಸ್ಟನ್ ರಿಂಗ್ ಅಂಟಿಕೊಂಡಿರುತ್ತದೆ, ನಡುವೆ ತುಕ್ಕಿನ ಪುಡಿ ಇರುತ್ತದೆ. ಒದ್ದರೆ ಆ ಪುಡಿ ಗೋಡೆಯನ್ನು ಉದ್ದಕ್ಕೂ ಗೀರುತ್ತದೆ.

ನನ್ನ ತಮ್ಮ 2018ರ ದಸರಾ ಮುಗಿಸಿಕೊಂಡು ಕೆನಡಾಕ್ಕೆ ಹೊರಡುವಾಗ ತನ್ನ ಹೀರೋ ಇಂಪಲ್ಸನ್ನು ನಮ್ಮ ಶೆಡ್ಡಿನಲ್ಲಿ ನಿಲ್ಲಿಸಿ, ‘ಅಣ್ಣಾ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡುತ್ತಿರು’ ಎಂದು ಹೇಳಿ ಹೋದ. ಎರಡು ವಾರ ಮಾಡಿದೆ. ಆಮೇಲೆ ಅಡಿಕೆ ಕೊಯ್ಲು ಬಂತು, ಅದರ ಹಿಂದೆ ಮತ್ತೊಂದು ಕೆಲಸ ಬಂತು, ಆರು ಮಳೆಗಾಲ ಕಳೆದುಹೋದವು. ಕೊಪ್ಪದ ಕಡೆಯ ಮಳೆಗಾಲ ಎಂದರೆ ಗೋಡೆಗೆ ನೇತುಹಾಕಿದ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುವ ಕಾಲ. 2025ರ ಫೆಬ್ರವರಿಯಲ್ಲಿ ಅಡಿಕೆಯೆಲ್ಲ ಮಂಡಿ ಸೇರಿದ ಮೇಲೆ ತಮ್ಮ ಫೋನಿನಲ್ಲಿ, ‘ಈ ಸಲ ಬಂದಾಗ ಗುಡ್ಡಕ್ಕೆ ಹೋಗೋಣ, ಗಾಡಿ ಚೆನ್ನಾಗಿದೆಯಷ್ಟೇ?’ ಎಂದು ಕೇಳಿದ. ಚೆನ್ನಾಗಿದೆ ಎಂದೆ. ಸುಳ್ಳು ಹೇಳಿದ ಮರುದಿನವೇ ಕೆಲಸಕ್ಕೆ ಇಳಿದೆ.

ಇಂಪಲ್ಸ್ ನೋಡದವರಿಗೆ ಒಂದೆರಡು ಮಾತು. ರಸ್ತೆಯಲ್ಲೂ ಗುಡ್ಡದ ದಾರಿಯಲ್ಲೂ ಓಡಲೆಂದು ಹೀರೋ ಮೋಟೊಕಾರ್ಪ್ 2011ರಲ್ಲಿ ತಂದ ಬೈಕು ಇದು. ಬ್ರೆಜಿಲ್‌ನಲ್ಲಿ ಓಡುತ್ತಿದ್ದ ಹೋಂಡಾ ಬ್ರೋಸ್ ಇದಕ್ಕೆ ಮೂಲ. 149.2 ಸಿಸಿ, ಗಾಳಿಯಿಂದಲೇ ತಣಿಯುವ ಎಂಜಿನ್, ಐದು ಗೇರು, ಮುಂದೆ 19 ಇಂಚು, ಹಿಂದೆ 17 ಇಂಚಿನ ಕಡ್ಡಿ ಚಕ್ರ, ಬೈಕಿನ ಹೊಟ್ಟೆ ನೆಲದಿಂದ 245 ಮಿಲಿಮೀಟರ್ ಎತ್ತರ. ಆಗ ನಮ್ಮ ದೇಶದಲ್ಲಿ ಕೈಗೆಟಕುವ ಬೆಲೆಗೆ ಇಂಥದ್ದು ಬೇರೆ ಇರಲಿಲ್ಲ. ಜನ ಮೆಚ್ಚಿದರು, ಕೊಳ್ಳಲಿಲ್ಲ. ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತಿತು. ಮಲೆನಾಡಿನ ತೋಟಗಳ ಶೆಡ್ಡುಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಗೋಣಿಚೀಲ ಹೊದ್ದು ನಿಂತಿವೆ. ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲು, ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರ್ ಇರುವ ಯಾವ ಬೈಕಿಗೂ ಹೊಂದುತ್ತದೆ.

ಮೊದಲ ದಿನ ಬರಿಗಣ್ಣಿನ ಕೆಲಸ

ಬೈಕನ್ನು ಬೆಳಕಿಗೆ ತಂದು, ಒಂದು ಸ್ಪ್ಯಾನರನ್ನೂ ಮುಟ್ಟದೆ ಅರ್ಧ ಗಂಟೆ ಸುತ್ತಲೂ ನೋಡಿ. ಮೊಬೈಲಿನಲ್ಲಿ ಎಲ್ಲ ಕಡೆಯಿಂದ ಚಿತ್ರ ತೆಗೆದುಕೊಳ್ಳಿ. ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಮೂರು ದಿನದ ನಂತರ ನೆನಪಿರುವುದಿಲ್ಲ.

ಸೀಟು ತೆಗೆಯುವಾಗ ಕೈಗಿಂತ ಮೊದಲು ಕೋಲು ಹೋಗಲಿ. ನನಗೆ ಅಲ್ಲಿ ಸಿಕ್ಕಿದ್ದು ಮೊಳದುದ್ದದ ಹಾವಿನ ಪೊರೆ. ಹಾವು ಅಲ್ಲಿ ಯಾಕಿತ್ತು ಎಂಬುದು ಏರ್ ಫಿಲ್ಟರ್ ಪೆಟ್ಟಿಗೆ ಬಿಚ್ಚಿದಾಗ ತಿಳಿಯಿತು. ಒಳಗೆ ಇಲಿಯ ಗೂಡು, ಗೂಡಿಗೆ ಹಾಸಿದ್ದು ಫಿಲ್ಟರಿನದ್ದೇ ಚೂರುಗಳು. ಸೈಲೆನ್ಸರಿನ ಬಾಯಿಗೆ ಕುಂಬಾರ ಹುಳು ಮಣ್ಣು ಮೆತ್ತಿ ಮುಚ್ಚಿಬಿಟ್ಟಿತ್ತು. ಸೈಲೆನ್ಸರ್ ಮಾತ್ರವಲ್ಲ, ಬೆರಳು ಗಾತ್ರದ ಯಾವ ತೂತನ್ನೂ ಅದು ಬಿಡುವುದಿಲ್ಲ. ಎಂಜಿನ್ನಿನ ಗಾಳಿ ಪೈಪು, ಟ್ಯಾಂಕಿನ ಮುಚ್ಚಳದ ಗಾಳಿ ತೂತು, ಕಾರ್ಬುರೇಟರಿನಿಂದ ಕೆಳಗೆ ಇಳಿಯುವ ಪೈಪು, ಎಲ್ಲವನ್ನೂ ಊದಿ ನೋಡಿ. ಮುಚ್ಚಳದ ತೂತು ಕಟ್ಟಿದ್ದರೆ ಬೈಕು ಹತ್ತು ನಿಮಿಷ ಓಡಿ ನಿಲ್ಲುತ್ತದೆ, ನೀವು ಎರಡು ದಿನ ಕಾರ್ಬುರೇಟರನ್ನು ಬೈಯುತ್ತೀರಿ.

ಇನ್ನೊಂದು ವಿಷಯವನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಬೈಕು ನಿಂತಿದ್ದ ಜಾಗದ ಒಂದು ಪಕ್ಕಕ್ಕೆ ಪೊಟ್ಯಾಷ್ ಚೀಲಗಳು, ಇನ್ನೊಂದು ಪಕ್ಕಕ್ಕೆ ಕೊಳೆರೋಗದ ಔಷಧಿಗೆಂದು ತಂದ ಮೈಲುತುತ್ತ. ತೋಟದವರ ಶೆಡ್ಡು ಹಾಗೆಯೇ ಇರುವುದು. ಆದರೆ ಪೊಟ್ಯಾಷ್ ಎಂದರೆ ಒಂದು ಬಗೆಯ ಉಪ್ಪು. ಮಳೆಗಾಲದಲ್ಲಿ ಗಾಳಿಯ ನೀರು ಹೀರಿ ಒಸರುತ್ತದೆ, ಕಬ್ಬಿಣವನ್ನು ತಿನ್ನುತ್ತದೆ. ಮೈಲುತುತ್ತದ ಧೂಳು ಒದ್ದೆಯಾದರೆ ಕಬ್ಬಿಣವನ್ನೂ ಅಲ್ಯೂಮಿನಿಯಮನ್ನೂ ಬಿಡುವುದಿಲ್ಲ. ನಮ್ಮ ಬೈಕಿನ ಎಡಭಾಗದ ಕಡ್ಡಿಗಳು ಬಲಭಾಗಕ್ಕಿಂತ ಎರಡು ಪಟ್ಟು ತುಕ್ಕು ಹಿಡಿದಿದ್ದವು. ಎಡಕ್ಕಿದ್ದದ್ದು ಪೊಟ್ಯಾಷ್. ಗೊಬ್ಬರ, ಔಷಧಿ ಇರುವಲ್ಲಿ ನಿಂತ ಬೈಕಾದರೆ ಮೊದಲು ಸೋಪಿನ ನೀರಿನಿಂದ, ಆಮೇಲೆ ಬರಿ ನೀರಿನಿಂದ ಧಾರಾಳವಾಗಿ ತೊಳೆಯಿರಿ. ಸೈಲೆನ್ಸರಿಗೂ ಏರ್ ಫಿಲ್ಟರ್ ಬಾಯಿಗೂ ಪ್ಲಾಸ್ಟಿಕ್ ಕಟ್ಟಿ. ಔಷಧಿ ಹೊಡೆಯುವ ಪಂಪಿನ ರಭಸದ ನೀರನ್ನು ಚಕ್ರದ ನಡುವಿಗೆ ಬಿಡಬೇಡಿ, ಬೇರಿಂಗಿನ ಗ್ರೀಸು ಹೊರಟುಹೋಗುತ್ತದೆ.

ಎಂಜಿನ್ ತಿರುಗುತ್ತದೆಯೇ

ಪ್ಲಗ್ ಬಿಚ್ಚುವ ಮೊದಲು ಅದರ ಬುಡದ ಗುಂಡಿಯನ್ನು ಸೈಕಲ್ ಪಂಪಿನಿಂದ ಊದಿ ಚೊಕ್ಕ ಮಾಡಿ. ಅಲ್ಲಿ ಕೂತ ಮರಳು, ಪ್ಲಗ್ ಹೊರಬಂದ ಕೂಡಲೇ ನೆಟ್ಟಗೆ ಸಿಲಿಂಡರಿಗೆ ಬೀಳುತ್ತದೆ. ಪ್ಲಗ್ ಬಿಗಿಯಾಗಿದ್ದರೆ ಹಟ ಬೇಡ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲ ಬಿಡಿ. ತೂತಿನ ಅಲ್ಯೂಮಿನಿಯಮ್ಮಿನ ಮರೆ (ತಿರುಪಿನ ಗೆರೆ) ಕಿತ್ತುಬಂದರೆ ಅದು ಲೇತ್ ಅಂಗಡಿಯ ಪ್ರಕರಣವಾಗುತ್ತದೆ.

ಪ್ಲಗ್ ತೆಗೆದ ತೂತಿನಿಂದ ಎರಡು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು, ಬಟ್ಟೆ ಮುಚ್ಚಿ, ಮನೆಗೆ ಹೋಗಿ ಊಟ ಮಾಡಿ ಮಲಗಿ. ಮರುದಿನ ಗೇರನ್ನು ಐದನೆಯದಕ್ಕೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಸ್ವಲ್ಪ ಮುಂದಕ್ಕೆ, ಸ್ವಲ್ಪ ಹಿಂದಕ್ಕೆ ಆಡಿಸಿ. ದೊಡ್ಡ ಗೇರಿನಲ್ಲಿ ಚಕ್ರದಿಂದ ಎಂಜಿನ್ ತಿರುಗಿಸುವುದು ಸುಲಭ, ಮತ್ತು ಎಲ್ಲಿ ಹಿಡಿಯುತ್ತದೆ ಎಂಬುದು ಅಂಗೈಗೆ ಗೊತ್ತಾಗುತ್ತದೆ. ಕಿಕ್ಕರಿನಲ್ಲಿ ಕಾಲಿಗೆ ಅಷ್ಟು ಬುದ್ಧಿ ಇಲ್ಲ. ನಮ್ಮದು ಮೊದಲ ದಿನ ಕದಲಲಿಲ್ಲ. ಸ್ವಯಂಚಾಲಿತ ಗೇರಿನ ಕಾರುಗಳಿಗೆ ಹಾಕುವ ಎ.ಟಿ.ಎಫ್. ಎಣ್ಣೆಗೆ ಅಷ್ಟೇ ಅಸಿಟೋನ್ ಬೆರೆಸಿ ಬಿಡುವುದು ಹಳೆಯ ಮೆಕ್ಯಾನಿಕ್‌ಗಳ ಮದ್ದು. ಬಿಟ್ಟೆ. ಬೆಂಕಿಗೆ ತಕ್ಷಣ ಹತ್ತುವ ವಸ್ತು, ಬೀಡಿ ಸೇದುವವರನ್ನು ದೂರವಿಡಿ. ಮೂರನೆಯ ದಿನ ಬೆಳಿಗ್ಗೆ ‘ಟಕ್’ ಎಂದು ಒಂದು ಸಣ್ಣ ಸದ್ದಾಗಿ ಚಕ್ರ ಸರಿಯಿತು. ಒಂದು ವಾರ ಕಾದರೂ ಕದಲದಿದ್ದರೆ ಹೆಡ್, ಎಂದರೆ ಸಿಲಿಂಡರಿನ ಮೇಲಿನ ಭಾಗ, ಬಿಚ್ಚಬೇಕು. ಸುತ್ತಿಗೆಯಿಂದ ಬಡಿಯಬಾರದು.

ತಿರುಗಿದ ಮೇಲೂ ಅವಸರ ಬೇಡ. ಹಳೆಯ ಆಯಿಲ್ ಇಳಿಸಿ ಬಣ್ಣ ನೋಡಿ. ನಮ್ಮದು ಹಾಲು ಜಾಸ್ತಿಯಾದ ಕಾಫಿಯ ಹಾಗಿತ್ತು, ಎಂದರೆ ನೀರು ಬೆರೆತಿದೆ. ಗಾಳಿಯಿಂದ ತಣಿಯುವ ಎಂಜಿನ್ನಿಗೆ ನೀರು ಎಲ್ಲಿಂದ ಬಂತು ಎಂದು ಕೇಳಬೇಡಿ. ಮಲೆನಾಡಿನ ತೇವಕ್ಕೆ ಬಾಗಿಲು ಬೇಕಿಲ್ಲ. ಮೊದಲು ಅಗ್ಗದ ಆಯಿಲ್ ಒಂದು ಲೀಟರ್ ತಂದು, ಗುರುತಿನ ಮಟ್ಟಕ್ಕೆ ತುಂಬಿಸಿ. ಎಂಜಿನ್ ಹತ್ತು ನಿಮಿಷ ಓಡಿದ ಮೇಲೆ ಅದನ್ನೂ ಚೆಲ್ಲಿ, ಆಗ ಒಳ್ಳೆಯ ಆಯಿಲ್ ಹಾಕಿ. ಚೆಲ್ಲುವುದು ಎಂದರೆ ತೋಡಿಗೆ ಅಲ್ಲ. ಕ್ಯಾನಿಗೆ ಹಿಡಿದು ಗ್ಯಾರೇಜಿಗೆ ಕೊಡಿ.

ಹೊಸ ಆಯಿಲ್ ಹಾಕಿ, ಪ್ಲಗ್ ಇನ್ನೂ ಹೊರಗಿರುವಾಗಲೇ, ಕೀ ಬಂದ್ ಮಾಡಿ, ಈಗ ಕಿಕ್ಕರನ್ನು ಕೈಯಿಂದ ಅಥವಾ ಮೆಲ್ಲನೆ ಕಾಲಿನಿಂದ ಮೂವತ್ತು ನಲವತ್ತು ಸಲ ಒತ್ತಿ. ಸಿಲಿಂಡರಿಗೆ ಬಿಟ್ಟ ಎಣ್ಣೆ ತೂತಿನಿಂದ ಚಿಮ್ಮುತ್ತದೆ, ಮುಖ ಆಚೆ ಇರಲಿ. ವಾಲ್ವು ತೆರೆಯುವ ಮೇಲಿನ ಕ್ಯಾಮಿನವರೆಗೆ ಆಯಿಲ್ ಏರುವುದೂ ಈಗಲೇ. ಕೊನೆಗೆ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಒಮ್ಮೆ ಕಿಕ್ ಒತ್ತಿಸಿ. ಬೆರಳನ್ನು ದೂಡಿ ಗಾಳಿ ‘ಪುಸ್’ ಎಂದು ಹೊರಬಂದರೆ ರಿಂಗು, ವಾಲ್ವು ಕೆಲಸಕ್ಕೆ ಬರುವಂತಿವೆ. ನನ್ನ ಬೆರಳು ಸರಿಯಿತು. ಅಂದು ಸಂಜೆ ಮನೆಯಲ್ಲಿ ಸ್ವಲ್ಪ ಜಾಸ್ತಿಯೇ ಮಾತಾಡಿದೆ.

ಟ್ಯಾಂಕು, ಕಾರ್ಬುರೇಟರು

ನಿಂತ ಬೈಕಿನ ಕಾಯಿಲೆ ಹತ್ತರಲ್ಲಿ ಎಂಟು ಸಲ ಇಲ್ಲೇ ಇರುತ್ತದೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಟ್ಯಾಂಕಿನಿಂದ ಇಳಿದ ಪೆಟ್ರೋಲು ಅಡಿಕೆ ಬೇಯಿಸಿದ ಚೊಗರಿನ ಬಣ್ಣಕ್ಕೆ ತಿರುಗಿತ್ತು. ವಾಸನೆ ಪೆಟ್ರೋಲಿನದ್ದಲ್ಲ, ಬಾಗಿಲಿಗೆ ಹೊಡೆಯುವ ವಾರ್ನಿಷ್‌ನದ್ದು. ಇಂಥದ್ದನ್ನು ಹೊಸ ಪೆಟ್ರೋಲಿಗೆ ಬೆರೆಸಿ ‘ಓಡಿಹೋಗುತ್ತದೆ ಬಿಡಿ’ ಎನ್ನುವವರಿದ್ದಾರೆ. ಅವರ ಮಾತು ಕೇಳಬೇಡಿ. ಪೆಟ್ರೋಲಿನಲ್ಲಿರುವ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ನೀರು ತಳಕ್ಕೆ ಕೂರುತ್ತದೆ, ತಳ ತುಕ್ಕು ಹಿಡಿಯುತ್ತದೆ. ಆಗಿನ ಪೆಟ್ರೋಲಿಗಿಂತ ಈಗಿನದರಲ್ಲಿ ಎಥನಾಲ್ ಜಾಸ್ತಿ, ಶೇಕಡ 20ರವರೆಗೆ. ಹೀಗಾಗಿ ಹಳೆಯ ರಬ್ಬರ್ ಪೈಪನ್ನೂ ಪೆಟ್ರೋಲು ನಲ್ಲಿಯ ವಾಷರನ್ನೂ ಉಳಿಸಿಕೊಳ್ಳುವ ಜಿಪುಣತನ ಬೇಡ. ಒಂದು ಮೀಟರ್ ಹೊಸ ಪೈಪು, ಒಂದು ಸಣ್ಣ ಫಿಲ್ಟರು ತನ್ನಿ.

ಟ್ಯಾಂಕ್ ಬಿಚ್ಚಿ, ನಲ್ಲಿ ತೆಗೆದು ಆ ತೂತಿಗೆ ರಬ್ಬರಿನ ಬಿರಡೆ ಬಡಿಯಿರಿ. ಒಳಗೆ ಒಂದು ಹಿಡಿ ಸಣ್ಣ ನಟ್ಟುಗಳನ್ನು ಎಣಿಸಿ ಹಾಕಿ, ನಾಲ್ಕು ಲೀಟರ್ ಬಿಳಿ ವಿನೆಗರ್ ಸುರಿದು ಚೆನ್ನಾಗಿ ಅಲುಗಾಡಿಸಿ. ಎಣಿಸಿ ಎಂದದ್ದು ತಮಾಷೆಗಲ್ಲ, ಹೊರಗೆ ಬಂದಾಗ ಲೆಕ್ಕ ಸರಿಹೋಗಬೇಕು. ಇಂಪಲ್ಸಿನ ಟ್ಯಾಂಕಿಗೆ ಹನ್ನೊಂದು ಲೀಟರ್ ಹಿಡಿಯುತ್ತದೆ. ಪೂರ್ತಿ ತುಂಬಲು ದುಡ್ಡು ದಂಡ, ಅದಕ್ಕೆ ನಾಲ್ಕು ಲೀಟರ್ ಹಾಕಿ ಆರಾರು ಗಂಟೆಗೊಮ್ಮೆ ಮಗ್ಗುಲು ಬದಲಿಸಿದೆ, ಬಾಣಂತಿ ಮನೆಯ ಕೂಸನ್ನು ಮಲಗಿಸಿದ ಹಾಗೆ. ವಿನೆಗರ್ ಬದಲು ನಮ್ಮ ಉಪ್ಪಾಗೆ ಹುಳಿ ಆಗದೇ ಎಂದು ಒಂದು ಕ್ಷಣ ಯೋಚಿಸಿದ್ದುಂಟು. ‘ರೀ, ಆ ಭರಣಿಗೆ ಕೈ ಹಾಕಿದರೆ ನೋಡಿ’ ಎಂದು ಅಡುಗೆಮನೆಯಿಂದ ಎಚ್ಚರಿಕೆ ಬಂತು. ಕಕ್ಕಸು ತೊಳೆಯುವ ಆಸಿಡ್ ಮಾತ್ರ ಎಂದಿಗೂ ಬೇಡ. ತುಕ್ಕಿನ ಜೊತೆ ತಗಡನ್ನೂ ತಿಂದು ಹೊಲಿಗೆಯಲ್ಲಿ ಸೋರಿಸುತ್ತದೆ.

ಎರಡು ದಿನದ ನಂತರ ವಿನೆಗರ್ ಚೆಲ್ಲಿ, ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆಯಿರಿ. ಹುಳಿ ಉಳಿದರೆ ತುಕ್ಕು ವಾರದಲ್ಲಿ ವಾಪಸು. ಆಮೇಲೆ ಬರಿ ನೀರು, ಆಮೇಲೆ ಬಿಸಿಲು. ಒಣಗಿದ ತಕ್ಷಣ ಸ್ವಲ್ಪ ಪೆಟ್ರೋಲಿಗೆ ಎರಡು ಚಮಚ ಎಂಜಿನ್ ಆಯಿಲ್ ಬೆರೆಸಿ ಒಳಗೆಲ್ಲ ತಿರುಗಿಸಿ. ತೊಳೆದ ತಗಡು ಬೆತ್ತಲೆಯಾಗಿರುತ್ತದೆ. ಒಂದು ರಾತ್ರಿ ಹಾಗೇ ಬಿಟ್ಟರೂ ಬೆಳಿಗ್ಗೆ ಕೆಂಪಗೆ ನಗುತ್ತದೆ.

ಕಾರ್ಬುರೇಟರನ್ನು ಬಿಚ್ಚಲು ಬಿಳಿ ಬಟ್ಟೆ ಹಾಸಿದ ಮೇಜು ಬೇಕು. ಅಂಗಳದಲ್ಲಿ ಬಿಚ್ಚಿದರೆ ಜೆಟ್ (ಪೆಟ್ರೋಲು ಹಾಯುವ ಸಣ್ಣ ತೂತಿನ ತಿರುಪು) ಕಳೆಯುತ್ತದೆ, ಕೋಳಿ ನುಂಗುತ್ತದೆ. ಕೆಳಗಿನ ಬಟ್ಟಲು ತೆಗೆದರೆ ನಮ್ಮದರಲ್ಲಿ ಪೆಟ್ರೋಲು ಒಣಗಿ ಜೋನಿಬೆಲ್ಲದ ಹಾಗೆ ಅಂಟಾಗಿ ಕೂತಿತ್ತು. ಒಳಗೆ ಎರಡು ಹಿತ್ತಾಳೆಯ ಜೆಟ್ ಕಾಣುತ್ತವೆ. ದೊಡ್ಡದು ವೇಗಕ್ಕೆ. ಚಿಕ್ಕದು ಎಂಜಿನ್ ನಿಂತಲ್ಲೇ ಓಡುವುದಕ್ಕೆ ಮತ್ತು ಸ್ಟಾರ್ಟ್ ಆಗುವುದಕ್ಕೆ. ಅದರ ತೂತು ಕೂದಲಿನಷ್ಟು. ಕಟ್ಟುವುದು ಯಾವಾಗಲೂ ಇದೇ. ಬೆಳಕಿಗೆ ಹಿಡಿದು ನೋಡಿ, ಆಚೆ ಆಕಾಶದ ಚುಕ್ಕೆ ದುಂಡಗೆ ಕಾಣಬೇಕು. ಸೂಜಿ, ಉಕ್ಕಿನ ತಂತಿ ತೂರಿಸಬೇಡಿ. ಹಿತ್ತಾಳೆ ಮೃದು, ತೂತು ಅಗಲವಾದರೆ ಬೈಕು ಆಮೇಲೆ ಜೀವಮಾನವೆಲ್ಲ ಪೆಟ್ರೋಲು ಕುಡಿಯುತ್ತದೆ. ಕಾರ್ಬ್ ಕ್ಲೀನರ್ ಹೊಡೆದು ನೆನೆಯಲು ಬಿಟ್ಟು, ಹಳೆಯ ವಿದ್ಯುತ್ ತಂತಿಯೊಳಗಿನ ತಾಮ್ರದ ಒಂದೇ ಒಂದು ಎಳೆಯಿಂದ ಮೆಲ್ಲನೆ ಬಿಡಿಸಿ. ನಾನು ಮೂರು ಸಲ ನೆನೆಸಿದೆ.

ಪಕ್ಕದಲ್ಲಿ ಒಂದು ಸಣ್ಣ ತಿರುಪು ಇರುತ್ತದೆ, ಗಾಳಿ ಪೆಟ್ರೋಲಿನ ಹದಕ್ಕೆ. ಬಿಚ್ಚುವ ಮೊದಲು ಅದನ್ನು ಒಳಮುಖವಾಗಿ ತಿರುಗಿಸಿ, ಎಷ್ಟು ಸುತ್ತಿಗೆ ಕೂರುತ್ತದೆ ಎಂದು ಎಣಿಸಿ ಗೋಡೆಯ ಮೇಲೆ ಬರೆದಿಡಿ. ನಮ್ಮ ಶೆಡ್ಡಿನ ಗೋಡೆಯಲ್ಲಿ ಹಾಲಿನ ಲೆಕ್ಕದ ಪಕ್ಕ ಇದೂ ಇದೆ. ಮೇಲ್ಭಾಗದ ಮುಚ್ಚಳದಡಿ ತೆಳ್ಳಗಿನ ರಬ್ಬರ್ ಡಯಾಫ್ರಮ್ ಇರುವ ಮಾದರಿಯಾದರೆ ಅದಕ್ಕೆ ಕ್ಲೀನರ್ ತಾಗಿಸಬೇಡಿ, ಉಬ್ಬಿ ಹಾಳಾಗುತ್ತದೆ. ಬೆಳಕಿಗೆ ಹಿಡಿದು ಬಿರುಕು ಹುಡುಕಿ. ಬಟ್ಟಲಿನ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟಿನ (ತೇಲುಬುರುಡೆಯ) ಸೂಜಿಯ ತುದಿಯಲ್ಲಿ ಸುತ್ತ ಗೆರೆ ಬಿದ್ದಿದ್ದರೆ ಹೊಸದು ಹಾಕಿ. ಇಲ್ಲವಾದರೆ ರಾತ್ರಿ ನಲ್ಲಿ ಮುಚ್ಚಲು ಮರೆತ ದಿನ ಪೆಟ್ರೋಲು ಬಟ್ಟಲು ತುಂಬಿ ಹೊರಗೆ ಹರಿಯುತ್ತದೆ, ಗ್ರಹಚಾರ ಕೆಟ್ಟಿದ್ದರೆ ಎಂಜಿನ್ನಿನೊಳಕ್ಕೆ. ಕಾರ್ಬುರೇಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕತ್ತನ್ನು ಬಗ್ಗಿಸಿ ನೋಡಿ. ಬಿರುಕಿದ್ದರೆ ಅಲ್ಲಿಂದ ಕಳ್ಳಗಾಳಿ ಸೇರಿ, ಎಂಜಿನ್ ಸ್ಟಾರ್ಟ್ ಆದದ್ದೇ ಕಿರುಚತೊಡಗುತ್ತದೆ.

ಕಿಡಿ

ಇಲ್ಲಿ ನಾನು ಎರಡು ದಿನ ಹಾಳು ಮಾಡಿಕೊಂಡೆ. ಹೊಸ ಬ್ಯಾಟರಿ, ಹೊಸ ಪ್ಲಗ್. ಪ್ಲಗ್ಗನ್ನು ತಂತಿಗೆ ಸಿಕ್ಕಿಸಿ ಸಿಲಿಂಡರಿನ ಲೋಹಕ್ಕೆ ತಾಗಿಸಿ ಕಿಕ್ ಒತ್ತಿದರೆ ಕಿಡಿಯೇ ಇಲ್ಲ. ಪೇಟೆಯ ಒಬ್ಬ ಮೆಕ್ಯಾನಿಕ್ ಫೋನಿನಲ್ಲೇ ಕಾಯಿಲೆ ಕಂಡುಹಿಡಿದು, ಪ್ಲಗ್ಗಿಗೆ ವಿದ್ಯುತ್ ಏರಿಸಿ ಕೊಡುವ ಕಾಯಿಲ್ ಹೋಗಿದೆ, ಬದಲಾಯಿಸಿ ಎಂದರು. ಬದಲಾಯಿಸಿದೆ. ಕಿಡಿ ಇಲ್ಲ. ಸಿ.ಡಿ.ಐ. (ಕಿಡಿಯ ಸಮಯ ನೋಡಿಕೊಳ್ಳುವ ಸಣ್ಣ ಪೆಟ್ಟಿಗೆ) ಹೋಗಿರಬೇಕು ಎಂದರು. ಅದನ್ನು ತರಲು ಶಿವಮೊಗ್ಗಕ್ಕೆ ಹೊರಡುವ ಹಿಂದಿನ ರಾತ್ರಿ, ಹಾಳಾಗಲಿ ಎಂದು ಕೀ ಹಾಕುವ ಸ್ವಿಚ್ಚಿನ ಕೆಳಗಿನ ಸಾಕೆಟ್ ಎಳೆದು ನೋಡಿದರೆ ಒಳಗಿನ ಪಿನ್ನುಗಳೆಲ್ಲ ನೀಲಿ ಹಸಿರು. ಹೆಚ್ಚುಕಡಿಮೆ ಮೈಲುತುತ್ತದ ಬಣ್ಣ! ಹಳೆಯ ಹಲ್ಲುಜ್ಜುವ ಬ್ರಷ್ಷು, ಸ್ವಲ್ಪ ಕಾಂಟ್ಯಾಕ್ಟ್ ಕ್ಲೀನರ್, ಹತ್ತು ನಿಮಿಷ. ನೀಲಿ ಕಿಡಿ ಚಟಪಟ ಹಾರಿತು.

ಆದ್ದರಿಂದ ನಿಮ್ಮ ಕ್ರಮ ನನ್ನ ಕ್ರಮದ ತಿರುವು ಮುರುವಾಗಿರಲಿ. ಮೊದಲು ದುಡ್ಡು ಬೇಡದ್ದು: ಫ್ಯೂಸು, ಪ್ರತಿಯೊಂದು ಸಾಕೆಟ್ಟು, ಚಾಸಿಗೆ ಬಿಗಿದ ಅರ್ತ್ ತಂತಿಯ ಬುಡ, ಕೀ ಸ್ವಿಚ್ಚು, ಇಲಿ ಕಡಿದ ತಂತಿ. ಆಮೇಲಷ್ಟೇ ಅಂಗಡಿ. ಕಿಡಿ ನೋಡುವಾಗ ಪ್ಲಗ್ ತೂತಿನ ಹತ್ತಿರ ಪೆಟ್ರೋಲಿನ ಬಟ್ಟೆಯಾಗಲಿ ತೆರೆದ ಡಬ್ಬಿಯಾಗಲಿ ಇರಬಾರದು ಎಂಬುದು ಹೇಳಬೇಕಾದ ಮಾತಲ್ಲ. ಆದರೂ ನಮ್ಮ ಕಡೆ ಹುಬ್ಬು ಸುಟ್ಟುಕೊಂಡವರಿದ್ದಾರೆ.

ಸ್ಟಾರ್ಟ್

ಶೆಡ್ಡಿನೊಳಗೆ ಬೇಡ, ಅಂಗಳಕ್ಕೆ ತನ್ನಿ. ಬೆಂಕಿ ಹತ್ತಿದರೆ ಹೊದಿಸಲು ಹತ್ತಿರ ಒಂದು ಒದ್ದೆ ಗೋಣಿಚೀಲ ಇರಲಿ. ಟ್ಯಾಂಕಿಗೆ ಎರಡೇ ಲೀಟರ್ ಹೊಸ ಪೆಟ್ರೋಲು ಹಾಕಿ, ನಲ್ಲಿ ತೆರೆದು, ಐದು ನಿಮಿಷ ಎಲ್ಲಿಯೂ ಸೋರುವುದಿಲ್ಲ ಎಂದು ನೋಡಿ. ಚೋಕ್ ಎಳೆಯಿರಿ, ಆಕ್ಸಿಲರೇಟರ್ ಮುಟ್ಟಬೇಡಿ. ಒಂದು ಕೈ ಕೀ ಮೇಲಿರಲಿ; ಎಂಜಿನ್ ಕೂಗಲು ಶುರುಮಾಡಿದರೆ ನಿಲ್ಲಿಸುವುದು ಅದರಿಂದಲೇ.

ಈಗ ಒದೆಯಬಹುದು.

ನಮ್ಮದು ಹನ್ನೊಂದನೆಯ ಒದೆತಕ್ಕೆ ಕೆಮ್ಮಿತು, ಹದಿನಾಲ್ಕನೆಯದಕ್ಕೆ ಹಿಡಿಯಿತು. ಸೈಲೆನ್ಸರಿನಿಂದ ಮೊದಲು ಹಾರಿದ್ದು ಉಳಿದಿದ್ದ ಮಣ್ಣಿನ ಉಂಡೆ, ಆಮೇಲೆ ಅಡಿಕೆ ಒಲೆಗೆ ಹಸಿ ಸೌದೆ ಹಾಕಿದಂಥ ಬಿಳಿ ಹೊಗೆ. ಹೆದರಬೇಡಿ, ಅದು ಸಿಲಿಂಡರಿಗೆ ನೀವೇ ಬಿಟ್ಟ ಎಣ್ಣೆ. ಐದಾರು ನಿಮಿಷದಲ್ಲಿ ತೆಳುವಾಗಬೇಕು. ಅರ್ಧ ಗಂಟೆಯಾದರೂ ನೀಲಿ ಹೊಗೆ ನಿಲ್ಲದಿದ್ದರೆ ರಿಂಗಿನ ವಿಚಾರ ಮಾಡಿ. ಚಟಚಟ ಸದ್ದು ಮೇಲಿನಿಂದ ಬಂದರೆ ಟ್ಯಾಪೆಟ್, ಎಂದರೆ ವಾಲ್ವು ಒತ್ತುವ ಭಾಗದ ಸಡಿಲ. ತಣ್ಣಗಿರುವಾಗ ಮ್ಯಾನುಯಲ್ಲಿನ ಅಂತರಕ್ಕೆ ಹೊಂದಿಸಿದರೆ ಸರಿಹೋಗುತ್ತದೆ. ಕೆಳಗಿನಿಂದ ದಪ್ಪ ಸದ್ದು ಬಂದರೆ ಕೂಡಲೇ ನಿಲ್ಲಿಸಿ.

ಕ್ಲಚ್ ಹಿಡಿದು ಗೇರ್ ಹಾಕಿದರೆ ಬೈಕು ಜಿಗಿದು ಬಂದ್ ಆಗುತ್ತದೆಯೇ? ಪ್ಲೇಟುಗಳು ಒಂದಕ್ಕೊಂದು ಅಂಟಿವೆ. ಎಂಜಿನ್ ಬಿಸಿ ಮಾಡಿ ನಿಲ್ಲಿಸಿ, ಕ್ಲಚ್ ಲಿವರನ್ನು ಹಳೆಯ ಟ್ಯೂಬಿನ ಪಟ್ಟಿಯಿಂದ ಹ್ಯಾಂಡಲಿಗೆ ಬಿಗಿದು ಕಟ್ಟಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಗೇರಿನಲ್ಲಿಟ್ಟು, ಕ್ಲಚ್ ಹಿಡಿದೇ ಹಿಂದೆ ಮುಂದೆ ತಳ್ಳಿ. ಒಮ್ಮೆ ‘ಕಳಚಿತು’ ಎಂಬುದು ಕೈಗೆ ಗೊತ್ತಾಗುತ್ತದೆ.

ನಿಲ್ಲುವ ಬಗ್ಗೆ

ಓಡುವ ಬೈಕಿಗಿಂತ ನಿಲ್ಲುವ ಬೈಕು ಮುಖ್ಯ, ಅದರಲ್ಲೂ ನಮ್ಮ ಮನೆಯ ದರೆ ಇಳಿಜಾರಿನಲ್ಲಿ. ಮುಂದಿನ ಡಿಸ್ಕ್ ಬ್ರೇಕಿನ ದ್ರವವೂ ನೀರು ಹೀರುವ ಜಾತಿಯದು. ನಮ್ಮದು ಕಪ್ಪಾಗಿ, ಡಿಸ್ಕನ್ನು ಅವುಚಿ ಹಿಡಿಯುವ ಕ್ಯಾಲಿಪರಿನ ಪಿಸ್ಟನ್ ಕಚ್ಚಿಕೊಂಡಿತ್ತು. ಕ್ಯಾಲಿಪರನ್ನು ಡಿಸ್ಕಿನಿಂದ ಬಿಚ್ಚಿ, ಪೈಪು ಹಾಗೇ ಇರುವಾಗ ಬ್ರೇಕ್ ಲಿವರನ್ನೇ ಮೆಲ್ಲನೆ ಒತ್ತುತ್ತ ಹೋದರೆ ಪಿಸ್ಟನ್ ತಾನೇ ಹೊರಬರುತ್ತದೆ. ಇಕ್ಕಳದಿಂದ ಕೀಳಬೇಡಿ. ಒಳಗಿನ ರಬ್ಬರ್ ಸೀಲಿಗೆ ಪೆಟ್ರೋಲು, ಡೀಸೆಲ್ಲು, ಗ್ರೀಸು ಯಾವುದೂ ತಾಗಬಾರದು, ಉಬ್ಬುತ್ತದೆ. ಬ್ರೇಕ್ ದ್ರವದಲ್ಲೇ ಒರೆಸಿ. ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ದ್ರವವನ್ನೇ ಹೊಸ ಡಬ್ಬಿಯಿಂದ ಹಾಕಿ, ಗುಳ್ಳೆ ಪೂರ್ತಿ ಹೋಗುವವರೆಗೆ ಪೈಪಿನ ಗಾಳಿ ತೆಗೆಯಿರಿ. ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಎದ್ದುಬರುತ್ತದೆ. ನನ್ನ ಟ್ಯಾಂಕಿನ ಮೇಲೆ ಈಗ ಭೂಪಟದಂಥ ಒಂದು ಗುರುತಿದೆ, ತಮ್ಮನಿಗೆ ಇನ್ನೂ ಹೇಳಿಲ್ಲ. ಹಿಂದಿನದು ಡ್ರಮ್ಮು, ಬ್ರೇಕ್ ಶೂ ಕೈಯಲ್ಲಿ ಹಿಡಿದು ಅದಕ್ಕಂಟಿಸಿದ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ ನೋಡಿ, ಅಂಟು ಬಿಟ್ಟಿದ್ದರೆ ಹೊಸದೇ ಬೇಕು.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ನಮ್ಮದು 12ರ ಇಸವಿಯ ಟಯರು, ಟಯರಿನ ಹಲ್ಲುಗಳು ಸವೆಯದೆ ಹಾಗೇ ಇದ್ದವು, ರಬ್ಬರ್ ಮಾತ್ರ ಒಣ ಹಲಸಿನ ಸಿಪ್ಪೆ. ಎರಡನ್ನೂ ಟ್ಯೂಬ್ ಸಮೇತ ಬಿಸಾಡಿದೆ. 19 ಇಂಚು ಎಲ್ಲಿ ಸಿಗುತ್ತದೆ ಎಂದು ಗಾಬರಿಯಾಗಬೇಡಿ. ಮುಂದಿನದು 90/90-19, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಹಳೆಯ (2021ಕ್ಕೆ ಮೊದಲಿನ) ಮಾದರಿಯ ಮುಂದಿನ ಟಯರಿನದ್ದೇ ಅಳತೆ, ಯಾವ ತಾಲ್ಲೂಕು ಪೇಟೆಯಲ್ಲೂ ಸಿಗುತ್ತದೆ. ಕಡ್ಡಿಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ ಕೇಳಿ. ಬಿಗಿಯಾದದ್ದು ‘ಟಿಣ್’ ಎನ್ನುತ್ತದೆ, ಸಡಿಲವಾದದ್ದು ‘ಟಪ್’.

ಗುಡ್ಡ ಹತ್ತುವ ಬೈಕು ಎಂಬುದಕ್ಕೆ ಮೂರು ಜಾಗ ವಿಶೇಷವಾಗಿ ನೋಡಬೇಕು. ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಅಡ್ಡಡ್ಡ ಅಲುಗಾಡಿಸಿದರೆ ಅದನ್ನು ಹಿಡಿದ ತೋಳಿನ, ಎಂದರೆ ಸ್ವಿಂಗ್ ಆರ್ಮಿನ, ಬುಶ್ ಸವೆದದ್ದು ತಿಳಿಯುತ್ತದೆ. ನಿಂತಲ್ಲೇ ತುಕ್ಕು ಹಿಡಿದಿದ್ದರೂ ಹೊಡೆದು ತೆಗೆದು ಗ್ರೀಸ್ ತುಂಬಿ. ಹಿಂದಿನ ಶಾಕ್ ಅಬ್ಸಾರ್ಬರಿನ ಕೆಳಗೆ ಲಿಂಕೇಜ್ (ಜೋಡಣೆಯ ಕೀಲು) ಇರುವ ಬೈಕಾದರೆ ಅಲ್ಲಿಯೂ. ಹ್ಯಾಂಡಲನ್ನು ಎಡಬಲ ತಿರುಗಿಸುವಾಗ ನಡುವೆ ಹಲ್ಲು ಸಿಕ್ಕಿದಂತಾದರೆ ಕತ್ತಿನ ಬೇರಿಂಗು ಹೊಸದಾಗಬೇಕು. ಮೂರನೆಯದು ಮುಂದಿನ ಫೋರ್ಕಿನ ಸೀಲು. ಎಣ್ಣೆ ಜಿನುಗಿದ ಮಾತ್ರಕ್ಕೆ ಸೀಲು ಹೋಯಿತೆಂದಲ್ಲ, ಧೂಳಿನ ಕಣ ಸಿಕ್ಕಿಕೊಂಡಿರಬಹುದು. ಹಳೆಯ ಎಕ್ಸ್‌ರೇ ಫಿಲ್ಮಿನಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ತುದಿಯಲ್ಲಿ ಕೊಕ್ಕೆಯಂತೆ ಕಚ್ಚು ಮಾಡಿ, ಸೀಲಿನ ಒಳಗೆ ತೂರಿಸಿ ಸುತ್ತ ಒಂದು ಸಲ ಎಳೆದರೆ ಕಸ ಹೊರಬರುತ್ತದೆ. ನಾನು ಕತ್ತರಿಸಿದ್ದು ಅಪ್ಪಯ್ಯನ 1998ರ ಎದೆಯ ಎಕ್ಸ್‌ರೇ. ಬಲಭಾಗದ ಜಿನುಗು ಅದರಿಂದಲೇ ನಿಂತಿತು. ಎಡದ್ದು ನಿಲ್ಲಲಿಲ್ಲ, ಕೊಳವೆಯಲ್ಲೇ ತುಕ್ಕಿನ ಗುಳಿ ಬಿದ್ದಿದೆ, ಮತ್ತೆ ಪೊಟ್ಯಾಷ್.

ಚೈನು, ಸ್ಪ್ರಾಕೆಟ್ಟು, ಎಲ್ಲ ಕೇಬಲ್ಲು, ಏರ್ ಫಿಲ್ಟರು ಹೊಸದು ಹಾಕಿ, ಅದರಲ್ಲಿ ಯೋಚಿಸುವುದೇನಿಲ್ಲ. ಟಯರು, ಬ್ಯಾಟರಿ, ದಂಡವಾದ ಕಾಯಿಲ್ ಎಲ್ಲ ಸೇರಿ ನನಗೆ ಬಿದ್ದ ಖರ್ಚು ಸುಮಾರು 13,000 ರೂಪಾಯಿ, ಕೆಲಸ ಹತ್ತೊಂಬತ್ತು ದಿನ.

ಕಾಗದ ಪತ್ರ ಮರೆಯಬೇಡಿ. ಖಾಸಗಿ ಬೈಕಿನ ನೋಂದಣಿ 15 ವರ್ಷಕ್ಕೆ. ನಮ್ಮದು 2012ರದ್ದು, 2027ರವರೆಗೆ ಬದುಕಿದೆ. ವಿಮೆ ಎಂದೋ ಸತ್ತಿತ್ತು. ಮೂರನೆಯ ವ್ಯಕ್ತಿಯ ವಿಮೆಯೂ ಹೊಗೆ ತಪಾಸಣೆಯ ಚೀಟಿಯೂ ಆಗುವವರೆಗೆ ಗೇಟಿನ ಹೊರಗೆ ಚಕ್ರ ಇಡಬೇಡಿ, ತೋಟದೊಳಗೇ ಓಡಿಸಿ.

ನಾನೂ ತೋಟದೊಳಗೇ ಓಡಿಸಿದೆ. ಮೊದಲ ಸಲ ಎರಡನೆಯ ಗೇರಿನಲ್ಲಿ ಕೆರೆ ಏರಿಯವರೆಗೆ ಹೋಗಿ, ಇಳಿದು, ಎಲ್ಲ ನಟ್ಟು ಮತ್ತೆ ಬಿಗಿದೆ, ಎರಡು ಸಡಿಲವಾಗಿದ್ದವು. ಎರಡನೆಯ ಸಲ ಗುಡ್ಡದ ನೆತ್ತಿಯ ಗೋಮಾಳದ ಅಂಚಿನವರೆಗೆ. ವಾಪಸು ಬರುವಾಗ ನಾಯಿ ಅಡ್ಡ ಬಂತು, ಹಾರ್ನ್ ಒತ್ತಿದೆ, ಅದು ಕೆಲಸ ಮಾಡುವುದಿಲ್ಲ ಎಂಬುದು ಆಗ ಗೊತ್ತಾಯಿತು. ಬ್ರೇಕ್ ಮಾತ್ರ ಹಿಡಿಯಿತು. ಹಾರ್ನೂ ಎಡಭಾಗದ ಫೋರ್ಕ್ ಕೊಳವೆಯೂ ಬಾಕಿ ಇವೆ; ತಮ್ಮ ಬರುವುದು ಮೇ ತಿಂಗಳಲ್ಲಿ. ಪೊಟ್ಯಾಷ್ ಚೀಲಗಳನ್ನು ಕೊಟ್ಟಿಗೆಯ ಅಟ್ಟಕ್ಕೆ ಏರಿಸಿದ್ದಾಗಿದೆ.